ಬಟ್ಟೆಯ ಬಾನೆಟ್ಟು

ಕಾರಿನ ಬಾನೆಟ್ಟನ್ನು ಎತ್ತಿ ನಿಲ್ಲಿಸಲು ಮನುಷ್ಯನಿಗೆ ಎಷ್ಟು ಕೈ ಬೇಕು ಎಂದು ನೀವು ಯಾವತ್ತೂ ಯೋಚಿಸಿರಲಾರಿರಿ. ನಾನು ಯೋಚಿಸಿದ್ದೇನೆ. ಬಾನೆಟ್ಟನ್ನು ಮೇಲಕ್ಕೆತ್ತಿ ಹಿಡಿಯಲು ಒಂದು ಕೈ. ಒಳಗೆ ಮಲಗಿರುವ ಸರಳನ್ನು ಎಬ್ಬಿಸಿ ತೂತಿಗೆ ಸಿಕ್ಕಿಸಲು ಇನ್ನೊಂದು ಕೈ. ನಿಮ್ಮ ಲೆಕ್ಕ ಇಲ್ಲಿಗೆ ಮುಗಿಯಿತು. ನನಗೆ ಮಾತ್ರ ಮೂರನೆಯದೊಂದು ಬೇಕು, ಊರುಗೋಲು ಹಿಡಿಯಲು.

ಮಗುವಾಗಿದ್ದಾಗ ಬಂದ ಒಂದು ಜ್ವರ ನನ್ನ ಎಡಗಾಲನ್ನು ಕೆಲಸದಿಂದ ನಿವೃತ್ತಿ ಮಾಡಿಸಿತು. ಕಾಲು ಇಲ್ಲೇ ಇದೆ, ಚಪ್ಪಲಿಯನ್ನೂ ಹಾಕಿಕೊಳ್ಳುತ್ತದೆ, ಆದರೆ ದುಡಿಯುವುದಿಲ್ಲ. ಅದಕ್ಕೊಂದು ಕ್ಯಾಲಿಪರ್, ಅಂದರೆ ತೊಡೆಯಿಂದ ಹಿಮ್ಮಡಿಯವರೆಗೆ ಎರಡು ಉಕ್ಕಿನ ಪಟ್ಟಿ, ನಡುನಡುವೆ ಚರ್ಮದ ಬೆಲ್ಟು. ಎಡ ಕಂಕುಳಿನಲ್ಲಿ ಊರುಗೋಲು. ಈ ಸರಂಜಾಮಿನೊಂದಿಗೆ ನಾನು ಕೊಳ್ಳೇಗಾಲದಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡು, ಬಲಗಾಲೊಂದರಲ್ಲೇ ಮಿಷನ್ನು ತುಳಿದು ಸಂಸಾರ ಮಾಡಿದವನು. ರೇಷ್ಮೆ ಸೀರೆಯ ಊರಿನಲ್ಲಿ ರವಿಕೆ ಹೊಲಿಯುವವನಿಗೆ ಕೆಲಸದ ಬರ ಬರುವುದಿಲ್ಲ. ನನ್ನ ಕೈಗುಣದ ಬಗ್ಗೆ ನಾನೇ ಹೇಳಿಕೊಳ್ಳಬಾರದು. ಆದರೆ ಯಳಂದೂರು, ಹನೂರುಗಳಿಂದಲೂ ಹೆಂಗಸರು ಬಸ್ಸು ಹತ್ತಿ ಬರುತ್ತಿದ್ದರು ಎಂಬುದನ್ನು ಹೇಳದೆ ಇರಲೂ ಆಗುವುದಿಲ್ಲ.

ನಮ್ಮೂರು ಶಾಗ್ಯ. ಅಲ್ಲಿ ನನ್ನ ಅಣ್ಣ ಶಿವಮಲ್ಲಣ್ಣ ಬೇಸಾಯ ಮಾಡಿಕೊಂಡಿದ್ದ. ನನ್ನ ಶಾಲೆಯ ದಿನಗಳಲ್ಲಿ ನನಗೆ ಊರುಗೋಲಿನ ಅಗತ್ಯವೇ ಇರಲಿಲ್ಲ, ಅಣ್ಣನ ಹೆಗಲಿತ್ತು. ಬೆಳಿಗ್ಗೆ ಕೂಗು ಹಾಕಿದರೆ ಬಗ್ಗುತ್ತಿದ್ದ, ನಾನು ಹತ್ತುತ್ತಿದ್ದೆ. ಶಾಲೆಯ ಬಾಗಿಲಲ್ಲಿ ಇಳಿಸಿ ತನ್ನ ತರಗತಿಗೆ ಓಡುತ್ತಿದ್ದ. ಮೇಲಿಂದ ಕಾಣುವ ಲೋಕ ಬಹಳ ಚೆನ್ನಾಗಿತ್ತು. ಆದರೆ ಹೆಗಲ ಮೇಲೆ ಕೂತವನಿಗೆ ಒಂದು ತೊಂದರೆ ಉಂಟು. ಯಾವ ದಾರಿ ಹಿಡಿಯಬೇಕು, ಎಲ್ಲಿ ನಿಲ್ಲಬೇಕು ಎಂಬುದು ಕಾಲಿದ್ದವನ ತೀರ್ಮಾನ. ಆಲದ ಮರದ ಹತ್ತಿರ ಹಾವಾಡಿಗ ಬಂದಿದ್ದರೆ, ಅಣ್ಣನಿಗೆ ಹಾವು ಬೇಡವಾಗಿದ್ದರೆ, ನನಗೂ ಹಾವು ಇಲ್ಲ. ನನ್ನ ಹಠವೆಲ್ಲ ಬಹುಶಃ ಆ ಕಾಣದೆ ಹೋದ ಹಾವುಗಳಿಂದ ಬಂದದ್ದು.

ಕಾರು ಬಂದದ್ದೂ ಅಣ್ಣನಿಂದಲೇ. ನಮ್ಮ ದೇಶದಲ್ಲಿ ಎರಡೇ ಜಾತಿಯ ಕಾರುಗಳಿದ್ದ ಕಾಲದಲ್ಲಿ ಅವನು ಸಣ್ಣ ಜಾತಿಯದೊಂದನ್ನು ಕೊಂಡಿದ್ದ. ತೊಂಬತ್ತರ ದಶಕದಲ್ಲಿ ಜೀಪು ತೆಗೆದುಕೊಂಡ ಮೇಲೆ ಆ ಕಾರು ಕೊಟ್ಟಿಗೆ ಸೇರಿತು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. "ನನಗೆ ಕೊಡು" ಎಂದೆ. ಡ್ರೈವರ್ ಇಟ್ಟುಕೊಳ್ಳುತ್ತಾನೆ ಎಂದುಕೊಂಡು ಕೊಟ್ಟ. ಹನೂರಿನ ಮೆಕ್ಯಾನಿಕ್ ಮಾದೇಶ ಎಡಗಾಲಿನ ಕ್ಲಚ್ಚನ್ನು ಸ್ಕೂಟರಿನ ಹಾಗೆ ಎಡಗೈಗೆ ತಂದುಕೊಟ್ಟ. ಲೈಸೆನ್ಸಿನ ಕಚೇರಿಯವರು ನನ್ನ ಕ್ಯಾಲಿಪರನ್ನೂ ಮಾದೇಶನ ಕೈಚಳಕವನ್ನೂ ಸುತ್ತುಹಾಕಿ ನೋಡಿ, ನನ್ನಿಂದ ಎಂಟರ ಆಕಾರದಲ್ಲಿ ಕಾರು ಓಡಿಸಿ, ಕೊನೆಗೆ ಮುದ್ರೆ ಒತ್ತಿದರು. ನಾನು ಗಾಡಿ ಬಿಟ್ಟುಕೊಂಡು ಶಾಗ್ಯಕ್ಕೆ ಹೋದಾಗ ಅಣ್ಣ ಹಿಂದಿನ ಸೀಟಿನಲ್ಲಿ ಡ್ರೈವರನ್ನು ಹುಡುಕಿದ.

ಕಾರಿನಲ್ಲಿ ಕೂತಾಗ ನಾನು ಎಲ್ಲರಂತೆ. ಕೂತವರ ನಡುವೆ ಕುಂಟರಿಲ್ಲ. ಆದರೆ ಹಳೆಯ ಎಂಜಿನ್ನಿಗೆ ಬಾಯಾರಿಕೆ ಹೆಚ್ಚು. ಏರು ಸಿಕ್ಕಿದರೆ ಸಾಕು, ರೇಡಿಯೇಟರ್ ಕುದಿಯುತ್ತದೆ. ಇಳಿದು ಬಾನೆಟ್ಟು ಎತ್ತಿ ನೀರು ಕುಡಿಸಬೇಕು. ಆ ಬಾನೆಟ್ಟೋ, ಕೋಟೆ ಬಾಗಿಲಿಗೆ ಸಾಲುವಷ್ಟು ಉಕ್ಕು. ಪೇಟೆಯಲ್ಲಾದರೆ ಯಾರಾದರೂ ಓಡಿ ಬರುತ್ತಾರೆ. ನಮ್ಮ ಕಡೆ ಜನ ಸಹಾಯಕ್ಕೆ ಹಿಂಜರಿಯುವುದಿಲ್ಲ, ಉಪದೇಶಕ್ಕೂ ಹಿಂಜರಿಯುವುದಿಲ್ಲ.

ಒಮ್ಮೆ ಬಿಳಿಗಿರಿರಂಗನ ಬೆಟ್ಟದ ಮೇಲಿನ ಶಾಲೆಯೊಂದರ ಮಕ್ಕಳಿಗೆ ಸಮವಸ್ತ್ರದ ಅಳತೆ ತೆಗೆದುಕೊಳ್ಳಲು ಹೊರಟಿದ್ದೆ. ಯಳಂದೂರು ದಾಟಿ, ಅರಣ್ಯದ ಗೇಟು ದಾಟಿ, ಏರು ಶುರುವಾದ ಸ್ವಲ್ಪ ಹೊತ್ತಿಗೆ ಮುಂಭಾಗದಿಂದ ಹಬೆ ಎದ್ದಿತು. ಇಳಿದೆ. ಸುತ್ತ ಬಿದಿರು, ಎದುರಿಗೆ ಆನೆಯ ಲದ್ದಿ. ಅದು ಹಳತೋ ಹೊಸತೋ ಎಂದು ಪರೀಕ್ಷಿಸುವ ಧೈರ್ಯ ಇರಲಿಲ್ಲ. ಬಲಗೈಯಲ್ಲಿ ಬಾನೆಟ್ಟು ಎತ್ತಿ, ಅದರ ಕೆಳಗೆ ತಲೆ ತೂರಿಸಿ, ತಲೆಯ ಮೇಲೆ ಅದನ್ನು ಹೊತ್ತುಕೊಂಡು, ಬಿಡುವಾದ ಕೈಯಿಂದ ಸರಳನ್ನು ಎಬ್ಬಿಸಬೇಕೆಂದು ಯೋಜನೆ ಹಾಕಿದೆ. ಯೋಜನೆ ಚೆನ್ನಾಗಿಯೇ ಇತ್ತು. ಕುತ್ತಿಗೆ ಒಪ್ಪಲಿಲ್ಲ. ಊರುಗೋಲು ಜಲ್ಲಿಯ ಮೇಲೆ ಜಾರಿತು, ನಾನು ಒಂದು ಕಡೆ ಬಿದ್ದೆ, ಬಾನೆಟ್ಟು ಧಡಾರನೆ ಮುಚ್ಚಿಕೊಂಡಿತು. ಬೆರಳುಗಳು ಉಳಿದದ್ದು ರಂಗಪ್ಪನ ದಯೆ. ಟೈಲರನಿಗೆ ಬೆರಳು ಹೋದ ಮೇಲೆ ಉಳಿಯುವುದು ಬರೀ ಟೇಪು.

ಬಸ್ಸೊಂದು ಬರುವವರೆಗೆ ರಸ್ತೆಯ ಪಕ್ಕ ಕೂತಿದ್ದೆ. ಡ್ರೈವರೂ ಕಂಡಕ್ಟರೂ ಇಳಿದು ಬಂದು ಬಾನೆಟ್ಟು ಎತ್ತಿ, ನೀರು ಹಾಕಿ, ನನ್ನನ್ನೂ ಎತ್ತಿದರು. ಬಸ್ಸಿನ ಕಿಟಕಿಗಳ ತುಂಬ ಮುಖಗಳು.

"ಒಬ್ರೇ ಯಾಕ್ ಸಾ ಈ ಕಾಡೊಳಕ್ ಬತ್ತೀರಿ?" ಎಂದ ಕಂಡಕ್ಟರ್, ನಿಜವಾದ ಕಾಳಜಿಯಿಂದಲೇ. "ಜತ್ಗೊಬ್ಬ ಆಳ್ನಾದ್ರೂ ಕರ್ಕಬರ್ಬಾರ್ದಾ?"

ಸಿಟ್ಟು ಬಂದಿದ್ದರೆ ಸುಲಭವಾಗುತ್ತಿತ್ತು. ಆದರೆ ಅವನು ಹೇಳಿದ್ದರಲ್ಲಿ ಸಿಟ್ಟು ಮಾಡಿಕೊಳ್ಳಲು ಏನೂ ಇರಲಿಲ್ಲ. ಮಕ್ಕಳ ಅಳತೆ ತೆಗೆದುಕೊಂಡು ಮನೆಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ಶಾಗ್ಯ ತಲುಪಿತ್ತು. ಮಾರನೆಯ ದಿನ ಅಣ್ಣ ಅಂಗಡಿಗೆ ಬಂದು ಗಿರಾಕಿಗಳ ಬೆಂಚಿನ ಮೇಲೆ ಕೂತ.

"ಮಾರ್ಬುಡು ಆ ಗಾಡೀನ" ಎಂದ. "ಎಲ್ಗೋಗ್ಬೇಕು ಯೋಳು, ನನ್ ಜೀಪಲ್ಲಿ ಕರ್ಕಂಡೋಯ್ತೀನಿ."

"ನೀನು ಕರ್ಕಂಡೋಗೋದಾದ್ರೆ ನಂಗ್ಯಾಕಣ್ಣ ಲೈಸೆನ್ಸು?"

"ನಿಂಗೇನಾರ ಆದ್ರೆ ನಾಳೆ ನಾನ್ ಯಾರ್ಗ್ ಜವಾಬು ಕೊಡನ್ಲಾ?"

ನನ್ನ ಹೆಂಡತಿ ನಾಗರತ್ನ ಕಾಫಿ ತಂದಿಟ್ಟು, ನಮ್ಮಿಬ್ಬರಲ್ಲಿ ಯಾರ ಕಡೆಗೂ ಸೇರದೆ ಗುಂಡಿ ಹೊಲಿಯುತ್ತ ಕೂತಳು. ಕೊನೆಗೆ ನಾನೇ ಒಂದು ಮಾತು ಮುಂದಿಟ್ಟೆ. ಮಳೆಗಾಲ ಕಳೆದ ಮೇಲೆ ಅಣ್ಣ ಮಾದಪ್ಪನ ಬೆಟ್ಟಕ್ಕೆ ಹೋಗುವವನಿದ್ದ. ನಾನು ಕರೆದುಕೊಂಡು ಹೋಗುತ್ತೇನೆ. ಹೋಗಿ ಬರುವ ದಾರಿಯಲ್ಲಿ ನನ್ನ ಬಿಟ್ಟು ಇನ್ನೊಬ್ಬರ ಕೈ ಸಹಾಯಕ್ಕೆಂದು ಕಾರಿಗೆ ತಾಗಿದರೆ, ಮಾರಿಬಿಡುತ್ತೇನೆ. ತಾಗದಿದ್ದರೆ, ಈ ಮಾತು ಇನ್ನೆಂದೂ ಎತ್ತಬಾರದು. ಅಣ್ಣ ತಕ್ಷಣ ಒಪ್ಪಿದ. ತಾಳಬೆಟ್ಟದಿಂದಾಚೆಯ ಏರನ್ನು ಅವನೂ ಬಲ್ಲ, ಆ ಕಾರನ್ನೂ ಬಲ್ಲ. ಗೆದ್ದೆ ಎಂದೇ ಎದ್ದು ಹೋದ.

ಹೊಸ ರೇಡಿಯೇಟರ್ ಹಾಕಿಸಿದೆ. ಸ್ವಲ್ಪ ತಡವಾಗಿ ಕುದಿಯತೊಡಗಿತು, ಅಷ್ಟೇ. ಮಾದೇಶ ಬಾನೆಟ್ಟಿಗೆ ಎಲ್ಲಿಂದಲೋ ಒಂದು ಸ್ಪ್ರಿಂಗು ತಂದು ಹಾಕಿದ. ಅದು ಮನಸ್ಸಿಲ್ಲದಿದ್ದರೆ ಏಳುತ್ತಿರಲಿಲ್ಲ, ಎದ್ದರೆ ಗಲ್ಲಕ್ಕೆ ಗುದ್ದುತ್ತಿತ್ತು. ತೆಗೆಸಿಹಾಕಿದೆ.

ಆಗ ಕ್ಯಾಲಿಪರಿನ ಬಕಲ್ಲು ಕಿತ್ತುಹೋಯಿತು. ಮೈಸೂರಿನಲ್ಲಿ ಕೃತಕ ಕಾಲು, ಕ್ಯಾಲಿಪರುಗಳನ್ನು ಮಾಡುವ ಒಂದು ಸಣ್ಣ ಕಾರ್ಯಾಗಾರ. ಅಲ್ಲಿಯ ಡೇವಿಡ್ ನನಗೆ ಬಹಳ ವರ್ಷದ ಸ್ನೇಹಿತ. ಅವನು ಬಕಲ್ಲು ಹೊಲಿಯುತ್ತ, ಮೇಜಿನ ಮೇಲಿದ್ದ ಒಂದು ಕಪ್ಪು ಪಾದವನ್ನು ತೋರಿಸಿ, "ಎತ್ತಿ ನೋಡು" ಎಂದ. ಅದರ ಗಾತ್ರಕ್ಕೆ ತಕ್ಕ ಶಕ್ತಿ ಹಾಕಿ ಎತ್ತಿದೆ. ನನ್ನ ಕೈ ಸರ್ರನೆ ಗಲ್ಲದವರೆಗೂ ಹಾರಿತು. ಪಾದದಲ್ಲಿ ತೂಕವೇ ಇರಲಿಲ್ಲ.

"ಏನಿದು? ಪ್ಲಾಸ್ಟಿಕ್ಕಾ?"

"ಬಟ್ಟೆ" ಎಂದ ಡೇವಿಡ್.

ಟೈಲರನ ಮುಂದೆ ಹೇಳಬಾರದ ಮಾತು ಅದು. ಬೀರುವಿನಿಂದ ಒಂದು ಸುರುಳಿ ತೆಗೆದು ಬಿಚ್ಚಿದ. ಕಾಡಿಗೆಯಷ್ಟು ಕಪ್ಪು, ಆದರೆ ಬೆಳಕಿಗೆ ಹಿಡಿದರೆ ರೇಷ್ಮೆಯ ಹಾಗೆ ಮಿಂಚು. ನೇಯ್ಗೆ ನೋಡಿದೆ. ಪ್ಯಾಂಟಿನ ಬಟ್ಟೆಯಲ್ಲಿ ಓರೆಯಾಗಿ ಗೆರೆ ಓಡುತ್ತದಲ್ಲ, ಅದೇ ನೇಯ್ಗೆ. ಕಾರ್ಬನ್ ಫೈಬರ್ ಎಂದರೆ ರಾಕೆಟ್ಟು, ವಿಮಾನಗಳಿಗೆ ಸಂಬಂಧಪಟ್ಟದ್ದು ಎಂದು ಪತ್ರಿಕೆಯಲ್ಲಿ ಓದಿ, ಅದು ನನ್ನ ಲೋಕದ್ದಲ್ಲ ಎಂದು ಪುಟ ತಿರುಗಿಸಿದ್ದೆ. ಹಾಸು ಹೊಕ್ಕು ಇರುವ ಯಾವ ವಸ್ತು ನನ್ನ ಲೋಕದ್ದಲ್ಲ? ಡೇವಿಡ್ ವಿವರಿಸಿದ: ಈ ಬಟ್ಟೆಗೆ ಎಪಾಕ್ಸಿ ಎಂಬ ಅಂಟು ಕುಡಿಸಿ, ಅಚ್ಚಿನ ಮೇಲೆ ಪದರ ಪದರವಾಗಿ ಹಾಸಿ, ಗಾಳಿ ಎಳೆದು ಒತ್ತಿ ಒಣಗಿಸಿದರೆ, ಉಕ್ಕಿನ ಕೆಲಸ ಮಾಡುತ್ತದೆ, ತೂಕ ಮಾತ್ರ ಉಕ್ಕಿನದ್ದಲ್ಲ. ಅವನ ಮಾತು ಮುಗಿಯುವ ಮೊದಲೇ ನಾನು ಮನಸ್ಸಿನಲ್ಲಿ ಬಾನೆಟ್ಟಿನ ಅಳತೆ ತೆಗೆದಾಗಿತ್ತು.

"ಮನೇಲಿ ಮಾಡಬಹುದಾ?"

"ಹುಚ್ಚಿದ್ದರೆ ಮಾಡಬಹುದು" ಎಂದು ಬೆಂಗಳೂರಿನ ಒಂದು ಅಂಗಡಿಯ ವಿಳಾಸ ಬರೆದುಕೊಟ್ಟ. ಕೈಗವಸು ಹಾಕಿಕೋ, ಉಜ್ಜುವಾಗ ಮೂಗು ಬಾಯಿ ಮುಚ್ಚಿಕೋ, ಆ ಪುಡಿ ಮೈಗೆ ಒಳ್ಳೆಯದಲ್ಲ ಎಂದು ಎಚ್ಚರಿಸಿದ. ಅದನ್ನು ನಾನು ಇವತ್ತಿಗೂ ಎಲ್ಲರಿಗೂ ಹೇಳುತ್ತೇನೆ.

ಇಲ್ಲಿ ಒಂದು ಕ್ಷಣ ನಿಲ್ಲುತ್ತೇನೆ, ನಿಮ್ಮ ಅಪ್ಪಣೆಯಿದ್ದರೆ. ನಮ್ಮ ಭಾಷೆ ಹಗುರಕ್ಕೆ ಅನ್ಯಾಯ ಮಾಡಿದೆ ಎಂದು ನನಗೆ ಆಗಾಗ ಅನ್ನಿಸುತ್ತದೆ. ಗೌರವಸ್ಥನನ್ನು ತೂಕದ ಮನುಷ್ಯ ಎನ್ನುತ್ತೇವೆ. ಚೆನ್ನಾಗಿರುವುದೆಲ್ಲ ನಮಗೆ ಭಾರಿ: ಭಾರಿ ಊಟ, ಭಾರಿ ಮದುವೆ. ಯಾರನ್ನಾದರೂ ಅವಮಾನಿಸಿದರೆ ಹಗುರವಾಗಿ ಮಾತಾಡಿದ ಎಂದು ದೂರುತ್ತೇವೆ. ಕಾರಿನ ಬಾಗಿಲು ಹಾಕಿದರೆ ಧಡ್ ಎನ್ನಬೇಕು, ಇಲ್ಲದಿದ್ದರೆ ಅದು ಡಬ್ಬ. ಆದರೆ ಕಷ್ಟವನ್ನು ಯಾರೊಡನೆಯೋ ಹೇಳಿಕೊಂಡ ಮೇಲೆ ಮಾತ್ರ ಮನಸ್ಸು ಹಗುರವಾಯಿತು ಎಂದು ನಿಟ್ಟುಸಿರು ಬಿಡುತ್ತೇವೆ. ಜ್ವರ ಬಿಟ್ಟ ಮೈ ಹಗುರ, ಹೆರಿಗೆಯಾದ ಹೆಂಗಸು ಹಗುರ. ಅಂದರೆ ಲೋಕದ ಮುಂದೆ ಭಾರ ಬೇಕು, ಬದುಕುವುದಕ್ಕೆ ಹಗುರ ಬೇಕು. ಉಕ್ಕಿನ ಕ್ಯಾಲಿಪರ್ ಕಟ್ಟಿಕೊಂಡು ಓಡಾಡುವವನಿಗೆ ಈ ವ್ಯಾಕರಣ ಬೇಗ ಅರ್ಥವಾಗುತ್ತದೆ.

ಸರಿ, ತಾರಸಿಯ ಮೇಲಿನ ತಗಡಿನ ಮಾಡು ನಮ್ಮ ಕಾರ್ಖಾನೆಯಾಯಿತು. ನಮ್ಮ ಎಂದೆ, ಏಕೆಂದರೆ ಬೆಂಗಳೂರಿನಿಂದ ಬಟ್ಟೆ ಬಂದ ದಿನವೇ ನಾಗರತ್ನ ಪಕ್ಷ ಸೇರಿಬಿಟ್ಟಳು. ಸುರುಳಿ ಬಿಚ್ಚಿ, ಬೆರಳಲ್ಲಿ ನೇವರಿಸಿ, "ಇದ್ಕೆ ಅಂಚಿಲ್ವಲ್ಲ, ಕತ್ರಿಸಿದ್ ಕಡೆ ಎಲ್ಲಾ ಬಿಚ್ಕತದೆ. ಮೊದ್ಲು ಟೇಪ್ ಅಂಟ್ಸಿ ಆಮೇಲೆ ಕತ್ರಿ ಹಾಕನ" ಎಂದಳು. ಬಾನೆಟ್ಟಿನ ಮೂಗಿನ ಹತ್ತಿರದ ಉಬ್ಬುತಗ್ಗಿಗೆ ಬಟ್ಟೆ ಸುಕ್ಕಿಲ್ಲದೆ ಕೂರಬೇಕಾದರೆ ಓರೆಯಾಗಿ ಕತ್ತರಿಸಬೇಕೆಂಬುದು ಇಬ್ಬರಿಗೂ ಹೇಳಿಕೊಡದೆ ಗೊತ್ತಿತ್ತು. ಎಷ್ಟು ರವಿಕೆಗಳ ತೋಳನ್ನು ಹಾಗೆ ಕೂರಿಸಿಲ್ಲ! ಊರಿನಲ್ಲಿ ಸುದ್ದಿ ಹಬ್ಬಿತು. "ಕಾರ್ಗೆ ರವ್ಕೆ ಹೊಲೀತಾವ್ನಂತೆ ಕಣ್ಲಾ" ಎಂದು ಹೋಟೆಲಿನಲ್ಲಿ ಯಾರೋ ಹೇಳಿದ್ದು ನನ್ನ ಕಿವಿಗೂ ಬಿತ್ತು. ಅಳತೆಗೆ ಕಾರನ್ನು ಅಂಗಡಿಗೇ ಕರೆಸಿದ್ದೇನೆ ಎಂದು ಹೇಳಿಕಳಿಸಿದೆ.

ಮೊದಲು ಅಚ್ಚು. ಉಕ್ಕಿನ ಬಾನೆಟ್ಟನ್ನು ಬಿಚ್ಚಿ ಮಲಗಿಸಿ, ಅದರ ಮೈಗೆಲ್ಲ ನೆಲಕ್ಕೆ ಹಚ್ಚುವ ಮೇಣದ ಪಾಲಿಶ್ ತಿಕ್ಕಿ, ಮೇಲೆ ಗಾಜಿನ ನಾರು ಮತ್ತು ಅಂಟು ಹಾಕಿದೆವು. ಒಣಗಿದ ಮೇಲೆ ಎತ್ತಿದರೆ ಬಾನೆಟ್ಟಿನ ಪಡಿಯಚ್ಚು ಸಿಗಬೇಕು. ಎತ್ತಿದೆವು. ಬರಲಿಲ್ಲ. ಒಂದು ಮೂಲೆಗೆ ಮೇಣ ತಿಕ್ಕುವುದು ಮರೆತುಹೋಗಿ, ಅಚ್ಚೂ ಬಾನೆಟ್ಟೂ ಹೊಸ ದಂಪತಿಗಳಂತೆ ತಬ್ಬಿಕೊಂಡು ಕೂತಿದ್ದವು. ಮಾದೇಶ ಮರದ ಬೆಣೆ ಹೊಡೆದು, ನಾಗರತ್ನ ಬಿಸಿನೀರು ಹೊಯ್ದು, ಅಂತೂ ಬಿಡಿಸಿದರು. ನಾನು ಪಕ್ಕದಲ್ಲಿ ನಿಂತು ಸಲಹೆ ಕೊಟ್ಟೆ.

ಇನ್ನೊಂದು ಅವಾಂತರ ಅಂಟಿನದು. ಎಪಾಕ್ಸಿಗೆ ಗಟ್ಟಿಯಾಗಿಸುವ ದ್ರವ ಬೆರೆಸಿದರೆ ತಾನಾಗಿಯೇ ಬಿಸಿಯಾಗುತ್ತದೆ. ಸ್ವಲ್ಪ ಸ್ವಲ್ಪವೇ ಬೆರೆಸಿಕೊಳ್ಳಿ ಎಂದು ಅಂಗಡಿಯವನು ಹೇಳಿದ್ದ. ಪದೇ ಪದೇ ಬೆರೆಸುವ ಕೆಲಸ ಯಾಕೆಂದು ನಾನು ಸ್ನಾನದ ಮಗ್ಗಿನ ತುಂಬ ಒಮ್ಮೆಲೇ ಕಲಸಿದೆ. ನೋಡನೋಡುತ್ತಿದ್ದಂತೆ ಮಗ್ಗು ಬೆಚ್ಚಗಾಯಿತು, ಹೊಗೆಯಾಡಿತು, ಸೊಟ್ಟಗಾಗಿ ಕುಸಿಯಿತು. ಒಳಗಿದ್ದದ್ದು ಬಂಡೆಯಾಗಿ ಹೋಯಿತು. ಆ ಬಂಡೆ ಈಗಲೂ ನಮ್ಮ ಬಾಗಿಲು ಗಾಳಿಗೆ ಹೊಡೆದುಕೊಳ್ಳದಂತೆ ತಡೆಯುತ್ತದೆ. ಅಡಿಗೆಮನೆಯ ತಕ್ಕಡಿ ಅಂದಿನಿಂದ ತಾರಸಿಗೆ ವರ್ಗವಾಯಿತು, ಹಿಂತಿರುಗಲಿಲ್ಲ.

ಗಾಳಿ ಎಳೆಯುವ ಯಂತ್ರ ಕೊಳ್ಳುವ ಯೋಗ್ಯತೆ ನಮಗಿರಲಿಲ್ಲ. ಕೆಟ್ಟ ಫ್ರಿಜ್ಜಿನಿಂದ ಕಂಪ್ರೆಸರ್ ಬಿಚ್ಚಿ, ಉಸಿರು ಬಿಡುವ ಕಡೆ ಬಿಟ್ಟು ಉಸಿರು ಎಳೆದುಕೊಳ್ಳುವ ಕಡೆಗೆ ಪೈಪು ಜೋಡಿಸಿದರೆ ಅದೇ ಯಂತ್ರ. ಉಳಿದ ಸಾಮಾನೆಲ್ಲ ಅಂಗಡಿಯಲ್ಲೇ ಇತ್ತು. ಅಂಟು ಕುಡಿದ ಕಪ್ಪು ಬಟ್ಟೆಯ ಮೇಲೆ ಹಾಸಿ ಆಮೇಲೆ ಸಿಪ್ಪೆಯ ಹಾಗೆ ಸುಲಿದು ತೆಗೆಯಲು ಲೈನಿಂಗಿನ ನೈಲಾನು. ಗಾಳಿ ಓಡಾಡಲು ಕೋಟಿನ ಭುಜಕ್ಕೆ ತುಂಬುವ ಹತ್ತಿಯಂಥ ಹಾಸು. ಎಲ್ಲದರ ಮೇಲೆ ರೇಷ್ಮೆಹುಳು ಸಾಕುವವರಿಂದ ತಂದ ಪ್ಲಾಸ್ಟಿಕ್ ಹಾಳೆ, ಸುತ್ತ ಮೇಣದಂಟು. ಕಂಪ್ರೆಸರ್ ಗುರುಗುಟ್ಟಿತು, ಹಾಳೆ ಮೆಲ್ಲಗೆ ಒಳಕ್ಕೆ ಎಳೆದುಕೊಂಡಿತು. ಆದರೆ ಎಲ್ಲೋ ಸುಯ್ ಎಂದು ಸೋರುತ್ತಿತ್ತು. ಕಿವಿಗೆ ಕೇಳುತ್ತದೆ, ಕಣ್ಣಿಗೆ ಕಾಣದು. ನಾಗರತ್ನ ಕೆಳಗೆ ಹೋಗಿ ಊದುಬತ್ತಿ ಹಚ್ಚಿಕೊಂಡು ಬಂದಳು. ಅಂಚಿನ ಗುಂಟ ಅದನ್ನು ಹಿಡಿದು ನಿಧಾನವಾಗಿ ಸುತ್ತಿದಳು. ಸೋರುವ ಕಡೆ ಹೊಗೆ ಒಳಕ್ಕೆ ಎಳೆದುಕೊಳ್ಳಬೇಕು. ಯಳಂದೂರಿನಿಂದ ಬಂದಿದ್ದ ನಮ್ಮತ್ತೆ ಮೆಟ್ಟಿಲು ಹತ್ತಿ ಬಂದವರು, ಮಗಳು ಬಾನೆಟ್ಟಿಗೆ ಪ್ರದಕ್ಷಿಣೆ ಹಾಕುವುದನ್ನು ನೋಡಿ, ಚಪ್ಪಲಿ ಕಳಚಿ ಕೈಮುಗಿದು ನಿಂತರು. ಯಾವ ದೇವರು ಎಂದು ಕೇಳಲಿಲ್ಲ. ಸೋರಿಕೆ ಸಿಕ್ಕಿತು.

ಬೇಸಿಗೆಯ ಬಿಸಿಲು ತಗಡಿನ ಮೂಲಕ ಅದನ್ನು ಚೆನ್ನಾಗಿ ಬೇಯಿಸಿತು. ಮಾರನೆಯ ದಿನ ಪದರಗಳನ್ನು ಸುಲಿದು, ಅಂಚಿಗೆ ತೆಳ್ಳನೆಯ ಬೆಣೆ ಕೊಟ್ಟಾಗ, ಟಪ್ ಎಂದು ಒಂದು ಸದ್ದು. ಅಂಥ ಸುಖದ ಸದ್ದು ನಾನು ಬೇರೆ ಕೇಳಿಲ್ಲ. ಅಚ್ಚಿನಿಂದ ಕಪ್ಪಗೆ ಹೊಳೆಯುವ ಬಾನೆಟ್ಟು ಎದ್ದು ಬಂತು. ಮೈಯೆಲ್ಲ ಓರೆಗೆರೆಯ ನೇಯ್ಗೆ. ನಾಗರತ್ನ ಅದನ್ನು ಎತ್ತಿ, ಮೊರದ ಹಾಗೆ ತಲೆಯ ಮೇಲಿಟ್ಟುಕೊಂಡು, ಕೈಬಿಟ್ಟು ತಾರಸಿಯ ಉದ್ದಕ್ಕೂ ನಡೆದಳು. ನಾನು ಊರುಗೋಲಿಗೆ ಒರಗಿಕೊಂಡು ನೋಡಿದೆ. ಆಮೇಲೆ ಅದನ್ನು ನನ್ನ ತಲೆಯ ಮೇಲಿಟ್ಟು, "ನೋಡಿ, ಭಾರನಾ?" ಎಂದಳು.

ಭಾರವಿರಲಿಲ್ಲ, ಗಟ್ಟಿಯೂ ಇರಲಿಲ್ಲ. ನಡುವೆ ಒತ್ತಿದರೆ ಹಪ್ಪಳದ ಹಾಗೆ ಬಾಗುತ್ತಿತ್ತು. ಒಳಬದಿಗೆ ಥರ್ಮೋಕೋಲಿನ ಪಟ್ಟಿಗಳನ್ನು ಪಕ್ಕೆಲುಬುಗಳಂತೆ ಜೋಡಿಸಿ, ಮೇಲೆ ಇನ್ನೊಂದು ಪದರ ಬಟ್ಟೆ ಹಾಕಿ ಬಿಗಿ ಮಾಡಿದೆವು. ಮಾದೇಶ ಕಾರಿಗೆ ಕೂರಿಸಿ, ಹೊರಗಡೆ ನಿಂತು ಅನುಮಾನದಿಂದ ನೋಡಿದ. "ಗಾಳಿಗ್ ಹಾರೋಯ್ತದೆ ಕಣಣ್ಣ" ಎಂದ. ಹನೂರು ರಸ್ತೆಯಲ್ಲಿ ಸ್ವಲ್ಪ ಜೋರಾಗಿ ಓಡಿಸಿದಾಗ ಅದು ನಿಜಕ್ಕೂ ಮುಂದಿನ ತುದಿಯಲ್ಲಿ ಪಟಪಟನೆ ಎದ್ದೆದ್ದು ಬಿತ್ತು, ಗಾಳಿಪಟ ಆಗಬೇಕೆಂದು ಹುಟ್ಟಿದ ಹಾಗೆ. ಹಿಂತಿರುಗಿ ಬಂದು ಎರಡು ಪಿನ್ನು, ಎರಡು ಚರ್ಮದ ಬೆಲ್ಟು ಹಾಕಿದೆವು. ಬೆಲ್ಟುಗಳು ನನ್ನ ಹಳೆಯ ಕ್ಯಾಲಿಪರಿನವು. ಕಾರಿಗೂ ನನಗೂ ಆಮೇಲೆ ಒಂದೇ ಬಗೆಯ ಬಕಲ್ಲು. ಡಿಕ್ಕಿಯ ಮುಚ್ಚಳವನ್ನೂ ಹಾಗೆಯೇ ಮಾಡಿದೆವು, ಕೈ ಪಳಗಿತ್ತಾದ್ದರಿಂದ ಅದು ಒಂದೇ ಸಲಕ್ಕೆ ಸರಿಬಂತು. ಬಣ್ಣ ಹಚ್ಚುವ ಮಾತು ಬಂದಾಗ ನಾಗರತ್ನ ಖಡಾಖಂಡಿತವಾಗಿ ಬೇಡವೆಂದಳು. ಇಷ್ಟು ಚೆನ್ನಾದ ನೇಯ್ಗೆಯನ್ನು ಯಾರಾದರೂ ಮುಚ್ಚುತ್ತಾರೆಯೇ?

ಮಳೆ ಕಳೆದು ಬೆಟ್ಟಗಳು ಹಸಿರಾಗಿದ್ದ ಒಂದು ಬೆಳಿಗ್ಗೆ ಅಣ್ಣನನ್ನು ಶಾಗ್ಯದಿಂದ ಹತ್ತಿಸಿಕೊಂಡೆ. ಅವನು ಬಾನೆಟ್ಟನ್ನು ಬೆರಳಿನಿಂದ ಕುಟ್ಟಿ ನೋಡಿದ. ಧಡ್ ಎನ್ನಲಿಲ್ಲ. ತುಟಿ ಬಿಗಿಹಿಡಿದು ಪಕ್ಕದಲ್ಲಿ ಕೂತ. ಹನೂರು ಬಂತು, ಹೋಯಿತು. ತಾಳಬೆಟ್ಟದಲ್ಲಿ ಕಾಲ್ನಡಿಗೆಯ ಭಕ್ತರು ದಾರಿ ಬಿಟ್ಟರು. ಏರು ಶುರುವಾಯಿತು. ನನ್ನ ಕಣ್ಣು ರಸ್ತೆಯ ಮೇಲೆ, ಅಣ್ಣನ ಕಣ್ಣು ಬಿಸಿ ತೋರಿಸುವ ಮುಳ್ಳಿನ ಮೇಲೆ. ತಿರುವಿನಿಂದ ತಿರುವಿಗೆ ಮುಳ್ಳು ಏರಿತು, ಮತ್ತೆ ಏರಿತು, ಕೊನೆಗೆ ಒಂದು ದೊಡ್ಡ ತಿರುವಿನಲ್ಲಿ ಹಬೆ ಎದ್ದೇಬಿಟ್ಟಿತು. ರಸ್ತೆ ಅಗಲವಿದ್ದ ಕಡೆ ನಿಲ್ಲಿಸಿದೆ.

ಅಣ್ಣನ ಕೈ ಬಾಗಿಲಿನ ಹಿಡಿಯ ಮೇಲಿತ್ತು.

"ಅಣ್ಣ, ನೀನ್ ಕೂತಿರು" ಎಂದೆ.

"ಕಲ್ಲಾರ ಕೊಡ್ತೀನಿ ಚಕ್ರುಕ್ಕೆ..."

"ಕಲ್ಲೂ ಬ್ಯಾಡ. ಕೂತಿರು."

ಇಳಿದೆ. ಊರುಗೋಲು ಊರಿ ಮುಂಭಾಗಕ್ಕೆ ಹೋದೆ. ಕಾಲು ಸ್ಥಿರವಾಗಿ ನಿಲ್ಲುವ ಜಾಗ ಹುಡುಕಿದೆ. ಬೆಲ್ಟು ಬಿಚ್ಚಿದೆ, ಪಿನ್ನು ಎಳೆದೆ. ಅಷ್ಟರಲ್ಲಿ ಕೆಳಗಿನಿಂದ ಬಂದ ಜೀಪೊಂದು ಕಿರ್ರನೆ ನಿಂತಿತು. ಭಕ್ತರ ಜೀಪು. ಅದರಿಂದ ಗಟ್ಟಿಮುಟ್ಟಾದ ಮೂರು ನಾಲ್ಕು ಜನ ಧುಮುಕಿ ನನ್ನ ಕಡೆ ಓಡಿ ಬಂದರು.

"ಬುಡಿ ಸಾ, ಬುಡಿ ಸಾ, ನಾವ್ ಎತ್ತೀವಿ! ನೀವ್ ಅತ್ತಾಗ್ ಬನ್ನಿ!"

ನಾನು ಬಾಯಿ ತೆರೆಯುವಷ್ಟರಲ್ಲಿ ಒಬ್ಬನ ಕೈ ಬಾನೆಟ್ಟಿಗೆ ಗೇಣು ದೂರದಲ್ಲಿತ್ತು. ಆ ಕೈ ತಾಗಿದರೆ ನನ್ನ ಕಾರು ಹೋಯಿತು. ಸಹಾಯಕ್ಕೆ ಬಂದವನಿಗೆ ಅದು ಹೇಗೆ ತಿಳಿಯಬೇಕು? ಆಗ ಕಾರಿನ ಒಳಗಿಂದ ಒಂದು ಗರ್ಜನೆ ಬಂತು. ಹೊಲದಲ್ಲಿ ಹಂದಿ ಓಡಿಸುವಾಗ ಮಾತ್ರ ನಾನು ಅಣ್ಣನ ಬಾಯಲ್ಲಿ ಆ ದನಿ ಕೇಳಿದ್ದೆ.

"ಯಾರೂ ಮುಟ್ಬೇಡಿ! ಕೈ ತಗೀರ್ಲಾ! ಅವ್ನೇ ಎತ್ತಾನೆ!"

ಆ ಮನುಷ್ಯ ಬೆಂಕಿ ತಾಗಿದವನಂತೆ ಕೈ ಹಿಂದೆಗೆದ. ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಕುಂಟನೊಬ್ಬ ಬಿಸಿಲಿನಲ್ಲಿ ಒದ್ದಾಡುತ್ತಿರುವಾಗ ಒಳಗೆ ಕೂತು ಗದರುವ ಈ ದೊಡ್ಡ ಮನುಷ್ಯ ಯಾರೆಂದು ಅವರು ಏನು ತಿಳಿದರೋ.

ನಾನು ಬಲಗೈಯಿಂದ ಬಾನೆಟ್ಟು ಎತ್ತಿದೆ. ತಲೆಯ ಮೇಲೆ ಇಟ್ಟುಕೊಂಡೆ. ಟವಲಿನಷ್ಟು ಭಾರ. ಬಿಡುವಾದ ಕೈಯಿಂದ ಸರಳನ್ನು ಎಬ್ಬಿಸಿ ತೂತಿಗೆ ಸಿಕ್ಕಿಸಿದೆ. ಆಮೇಲೆ ಅವಸರವೇನಿದೆ? ಎಂಜಿನ್ನು ಆರುವವರೆಗೆ ಕಾರಿಗೆ ಒರಗಿಕೊಂಡು ನಿಂತು, ಕಣಿವೆ ನೋಡಿದೆ, ಜೀಪಿನವರ ಊರು ಕೇಳಿದೆ. ದಪ್ಪ ಬಟ್ಟೆ ಹಿಡಿದು ಮುಚ್ಚಳ ತಿರುಗಿಸಿದೆ, ಹೆಗಲಿನ ಚೀಲದಿಂದ ಬಾಟಲಿಗಳನ್ನು ಒಂದೊಂದಾಗಿ ತೆಗೆದು ನೀರು ಕುಡಿಸಿದೆ. ಅಷ್ಟು ಹೊತ್ತೂ ಅಣ್ಣ ಗಾಜಿನ ಹಿಂದೆ ಕಲ್ಲಿನ ಬಸವನಂತೆ ಕೂತಿದ್ದ. ಎರಡೂ ಕೈಗಳನ್ನು ತೊಡೆಗಳ ಕೆಳಗೆ ಅದುಮಿಟ್ಟುಕೊಂಡಿದ್ದ. ನನ್ನನ್ನು ಹೊತ್ತುಕೊಂಡು ಶಾಲೆಗೆ ಹೋದದ್ದು ಅವನಿಗೆ ಇಷ್ಟು ಕಷ್ಟವಾಗಿರಲಾರದು.

ಮುಚ್ಚಿ, ಪಿನ್ನು ಹಾಕಿ, ಬಕಲ್ಲು ಬಿಗಿದು ಬಂದು ಕೂತೆ. ಜೀಪಿನವರು "ಉಘೇ ಮಾದಪ್ಪ" ಎಂದು ಕೂಗಿದರು. ಅದು ದೇವರಿಗೋ ಬಾನೆಟ್ಟಿಗೋ ತಿಳಿಯಲಿಲ್ಲ. ಅಣ್ಣ ಕಿಟಕಿಯ ಕಡೆ ತಿರುಗಿ ಪಂಚೆಯ ಚುಂಗಿನಿಂದ ಮುಖ ಒರೆಸಿಕೊಂಡ. ಹೊರಗೆ ಬಿಸಿಲು ಜೋರಾಗಿಯೇ ಇತ್ತೆನ್ನಿ.

ಕಾರು ಮಾರುವ ಮಾತು ಆಮೇಲೆ ಅವನು ಎತ್ತಲಿಲ್ಲ. ಬಾನೆಟ್ಟಿನ ಬಗ್ಗೆ ಒಳ್ಳೆಯ ಮಾತನ್ನೂ ಆಡಲಿಲ್ಲ. ನಾನು ನಿರೀಕ್ಷಿಸಲೂ ಇಲ್ಲ. ಅಣ್ಣಂದಿರು ಹಾಗೆಲ್ಲ ಹೇಳುವ ಜಾತಿಯಲ್ಲ. ಯುಗಾದಿಗೆ ಇನ್ನೂ ಸ್ವಲ್ಪ ದಿನ ಇರುವಾಗ ಒಂದು ಮಧ್ಯಾಹ್ನ ಅಂಗಡಿಗೆ ಬಂದ. ಬೆಂಚಿನ ಮೇಲೆ ರವಿಕೆಗೆ ಬಂದ ಇಬ್ಬರು ಹೆಂಗಸರಿದ್ದರು. ಅವರು ಹೋಗುವವರೆಗೂ ಬಾಗಿಲ ಹತ್ತಿರ ನಿಂತು ಬೀದಿ ನೋಡಿದ. ಆಮೇಲೆ ಒಳಗೆ ಬಂದು, ದನಿ ತಗ್ಗಿಸಿದ.

"ಅದೇ... ಆ ಕರೀ ಬಟ್ಟೆ ಇನ್ನೂ ಮಿಕ್ಕದಾ?"

"ಯಾಕಣ್ಣ?"

"ಪಂಪ್‌ಸೆಟ್ ಗುಂಡಿ ಮ್ಯಾಲೆ ಕಬ್ಣದ್ ಮುಚ್ಳ ಅದಲ್ಲ. ಸೊಂಟ ಇಡ್ಕಂಡದೆ ಕಣ್ಲಾ. ದಿನಾ ಆಳ್ನ ಕೂಗಿ ಎತ್ತುಸ್ಬೇಕು." ಬೀದಿಯ ಕಡೆ ಒಮ್ಮೆ ನೋಡಿದ. "ಆ ನನ್ಮಕ್ಳು ಎತ್ತಾರೆ, ಆದ್ರೆ ಒಂದ್ ಮಾತ್ ಅಂದೇ ಎತ್ತಾರೆ. ನಂಗೂ ಒಂದ್ ಅಂತದ್ದು ಮಾಡ್ಕೊಡು."

ನಾನು ನಗಲಿಲ್ಲ. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಉದ್ದ ಎಷ್ಟು, ಅಗಲ ಎಷ್ಟು, ಹಿಡಿ ಎಲ್ಲಿ ಬೇಕು ಎಂದು ಕೇಳಿ, ಸೀಮೆಸುಣ್ಣದಿಂದ ಮೇಜಿನ ಮೇಲೇ ಗುರುತು ಹಾಕಿಕೊಂಡೆ. ಅಣ್ಣ ಬಗ್ಗಿ, ಹಿಡಿ ಎಡಗಡೆಗೆ ಬೇಕೆಂದು ತೋರಿಸಿದ.

"ಯಾವಾಗ್ ಕೊಡ್ತೀಯೆ?" ಎಂದು ಕೇಳಿದ.

ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವನು ನನ್ನ ಅಂಗಡಿಗೆ ಗಿರಾಕಿಯಾಗಿ ಬಂದಿದ್ದ. ಟೈಲರಾದವನು ಗಿರಾಕಿಗೆ ಹೇಳಬೇಕಾದದ್ದನ್ನೇ ಹೇಳಿದೆ.

"ಕೆಲ್ಸ ಜಾಸ್ತಿ ಅದೆ ಕಣಣ್ಣ. ಹಬ್ಬ ಕಳುದ್ ಮ್ಯಾಲೆ ಬಾ."